ಬಿಳಿಗೆ ಬಿಸಿಲು ತಡೆಯದು

ಎಲೆಯ ಬಿಳಿ ಅಂಚಿನ ಮೇಲೆ ಒಂದು ಕಂದು ಚುಕ್ಕೆ, ಮಣ್ಣಿರಬೇಕು, ಸೆರಗಿನಿಂದ ಒರೆಸುತ್ತೇನೆ, ಹೋಗುವುದಿಲ್ಲ, ಸುಟ್ಟಿದೆ, ನಾಲ್ಕು ದಿನದಿಂದ ನೆರಳಲ್ಲೇ ಬಾಳುವ ಈ ಹೋಸ್ಟಾ ಗಿಡಕ್ಕೆ ಬಿಸಿಲು ಬಂದತ್ತ ತಟ್ಟಿಯ ಮರೆ ಸರಿಸುವವರೇ ಇಲ್ಲ, ಇವರು ಮಗಳ ಮಂಚ ಬಿಟ್ಟು ಎದ್ದಿಲ್ಲವಲ್ಲ, ಇಲ್ಲದಿದ್ದರೆ ಸಾಲಿಗೆ ಚಿತ್ರ ಕಲಿಸಲು ಹೊರಡುವ ಮುಂಚೆ ಬಗ್ಗಿ ನೋಡಿಯೇ ಹೋಗುವವರು, ಇವರ ಸಾಲಿಯ ಇಂಗ್ಲಿಷ್ ಸಾಹೇಬ ವಿಲಾಯತಿಗೆ ಮರಳುವಾಗ ಕೊಟ್ಟ ಗಿಡ, ಸಪ್ತಾಪುರದ ಈ ಹಿತ್ತಲಿನ ಬೇವಿನ ನೆರಳಿಗೆ ಒಗ್ಗಿಸಲು ಮೂರು ವರ್ಷ ಒದ್ದಾಡಿದರು, ಬರೀ ಹಸಿರು ಎಲೆ ಚಿಗುರಿದರೆ ಬುಡದಿಂದ ಕತ್ತರಿಸುವರು, ನನಗೆ ಹೇಳುವರು, ಮಂದಾಕಿನಿ, ಹಸಿರು ಬಿಟ್ರ ಬಿಳೀದನ್ನ ನುಂಗಿಬಿಡ್ತದ ನೋಡು, ಬಿಳೀದಕ್ಕ ಬಿಸಲು ತಡಿಯಂಗಿಲ್ಲ, ಜ್ವಾಕಿ — ನನಗೆ ಹೊಟ್ಟೆ ಉರಿಯುತ್ತಿತ್ತು, ಗಿಡದ ಬಿಳಿಗೆ ಇಷ್ಟು ಉಪಚಾರ, ಮಗಳು ರಜನಿಯ ಎಡಗೈ ಬೆರಳುಗಳ ಬಿಳಿಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಬೇಕು, ಹೆಣ್ಣು ನೋಡಲು ಬಂದ ಎರಡು ಕಡೆಯವರೂ ಕೈ ತೋರ್ಸವಾ ಅಂದರು, ತೊನ್ನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವಲಕ್ಕಿ ತಿಂದು, ಪತ್ರ ಬರೀತೇವ್ರಿ ಎಂದು ಹೋದರು.

ಮೂರನೆಯವರು, ಹುಬ್ಬಳ್ಳಿಯವರು, ಗುರುವಾರ ಬರುವವರಿದ್ದರು, ಇವತ್ತೇ ಗುರುವಾರ, ಬರಬೇಡಿ ಎಂದು ಹೇಳಿ ಕಳಿಸಿದ್ದಾಯಿತು — ಪಕ್ಕದ ಮನೆಯ ಕಾಶೀಬಾಯಿ ಹೇಳಿದ್ದು ಒಂದು ಗಳಿಗೆ ಮಾತ್ರ, ಬಾವಂಚಿ ಬೀಜ ಅರದು ಬಿಳೀ ಮ್ಯಾಲ ಹಚ್ರಿ, ಗಳಿಗಿ ಹೊತ್ತು ಬಿಸಲಿಗೆ ಕೂಡಸ್ರಿ, ಎರಡು ಮೂರು ತಿಂಗಳಾಗ ಬಣ್ಣ ಬರ್ತದ, ತಿಂಗಳೆಲ್ಲಿತ್ತು, ಅವರು ಬರಲು ನಾಲ್ಕೇ ದಿನ, ಬೀಜ ಹಚ್ಚಿ ಇಡೀ ಮಧ್ಯಾಹ್ನ ಕೂರಿಸಿದರೆ ಲಗೂ ಬಂದೀತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಅವ್ವಾ ಉರೀಲಿಕತ್ತದ, ತಡಕೋ, ಅವ್ವಾ ನೆರಳಿಗೆ ಬರ್ತೇನಿ, ಸುಮ್ಮನ ಕೂಡು, ನಿನ್ನ ಒಳ್ಳೇದಕ್ಕ, ಅವಳು ಏಳದ ಹಾಗೆ ನಾನೇ ಬಾಗಿಲಿಗೆ ಅಡ್ಡ ಕೂತಿದ್ದೆ, ಎದುರಿಗೆ ಈ ಗಿಡ ತಟ್ಟಿಯ ಮರೆಯಲ್ಲಿ ತಣ್ಣಗಿತ್ತು, ಕಣ್ಣೆದುರಿಗೇ ಇತ್ತು, ಮೂರು ವರ್ಷ ದಿನಾ ಕೇಳಿದ ಮಾತು ಆ ಹೊತ್ತಿಗೆ ನೆನಪಾಗಲಿಲ್ಲ, ಮರುದಿನ ಬೆರಳ ತುಂಬ ಬೊಬ್ಬೆ, ಆಮೇಲೆ ಕೀವು, ಜ್ವರ, ಡಾಕ್ಟರು ನಿನ್ನೆ ಹೇಳಿದರು, ನಾಳಿ ಪಟ್ಟಿ ಬಿಚ್ಚಿ ನೋಡೂಣು, ಕೊಳತಿದ್ರ ಎರಡು ಬೆರಳು ತಗೀಬೇಕಾಗ್ತದ್ರಿ — ಈಗ ಒಳಗಿದ್ದಾರೆ, ಬಿಚ್ಚುತ್ತಿದ್ದಾರೆ, ನನಗೆ ಹೊಸ್ತಿಲು ದಾಟಲು ಧೈರ್ಯವಿಲ್ಲ, ಮಗಳು ಅಳಲಿ, ಚೀರಲಿ, ನನ್ನನ್ನು ಶಪಿಸಲಿ, ತಡೆದೇನು, ಆದರೆ ಅವಳು ಕರೆಯುತ್ತಾಳೆ, ಜ್ವರದಲ್ಲೂ ಆಸೆಯ ದನಿ, ಅವ್ವಾ, ಪಟ್ಟಿ ಬಿಚ್ಯಾರ, ಬಣ್ಣ ಬಂದದೇನ ನೋಡ ಬಾ — ಬಂದೆ, ಇದೊಂದು ಒರೆಸಿ ಬರುತ್ತೇನೆ, ಬಿಳಿ ಅಂಚು, ಕಂದು ಚುಕ್ಕೆ, ಒರೆಸುತ್ತೇನೆ, ಬಿಳಿ ಅಂಚು, ಕಂದು ಚುಕ್ಕೆ, ಹೋಗುವುದಿಲ್ಲ