ಕಂಬಿ ಕೇಳಿದವರು ಕೂಗಬಾರದು

ಸಂಜೆಯ ಜಪಸರ ಪ್ರಾರ್ಥನೆ ಮುಗಿಸಿ ಫ್ಲೋರಿನ್ ಫೋನ್ ಆನ್ ಮಾಡಿದಾಗ ಅರಣ್ಯ ಇಲಾಖೆಯ ಮೆಸೇಜು ಬಂದು ಅರ್ಧ ಗಂಟೆಯಾಗಿತ್ತು. ಒಂಟಿ ಸಲಗ ಹಳ್ಳದ ಬದಿಯ ತೋಟಕ್ಕೆ ಇಳಿದಿದೆ, ಯಾರೂ ಓಡಾಡಬೇಡಿ. ಅವಳ ಗಂಡ ಸಿಪ್ರಿಯನ್ ಅದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಕೆಳಗಿನ ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ಟಾರ್ಪಾಲು ಹೊದಿಸಿ, ದಿನವೂ ಇದೇ ಹೊತ್ತಿಗೆ ಹಳ್ಳದ ದಾರಿಯಲ್ಲಿ ನಡೆದು ಬರುತ್ತಾನೆ. ಅಲ್ಲಿ ನೆಟ್‌ವರ್ಕ್ ಇಲ್ಲ.

ಬಣಕಲ್ ಊರಿನ ಈ ಮಗ್ಗುಲಲ್ಲಿ ವೈಫೈ ಇರುವುದು ಅವರ ಮನೆಯಲ್ಲಿ ಮಾತ್ರ. ಹಾಗಾಗಿ ಆನೆಯ ಮೆಸೇಜು ಕಂಡ ಕೂಡಲೇ ಅಂಗಳದ ಹಲಸಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯನ್ನು ಬಡಿಯುವ ಕೆಲಸವೂ ಅವರದೇ. ಆದರೆ ಜಪಸರದ ಹೊತ್ತಿನಲ್ಲಿ ಫೋನ್ ಆಫ್ ಆಗಿರಬೇಕು ಎನ್ನುವುದು ಅತ್ತೆ ತೆರೆಸಮ್ಮನ ಕಾನೂನು. "ಕೊಡು ಇಲ್ಲಿ. ಮಾತೆ ಮರಿಯಮ್ಮನಿಗೆ ವಾಟ್ಸಾಪ್ ಇಲ್ಲ ಮಾರಾಯ್ತಿ, ಬಾಯಲ್ಲೇ ಹೇಳ್ಬೇಕು," ಎಂದು ನಗುತ್ತ ಈ ಸಂಜೆಯೂ ಅವರೇ ಆಫ್ ಮಾಡಿದ್ದರು.

ಫ್ಲೋರಿನ್ ಬರಿಗಾಲಲ್ಲೇ ಓಡಿ ಸುತ್ತಿಗೆ ಎತ್ತಿಕೊಂಡು ಕಂಬಿ ಬಡಿಯತೊಡಗಿದಳು.

ಕಂಬಿಯ ಸದ್ದು ಕೇಳಿದವರು ಇದ್ದಲ್ಲೇ ಅಡಗಿ ನಿಲ್ಲಬೇಕು. ಕೂಗಬಾರದು, ಕೂಗಿದರೆ ಆನೆ ಅತ್ತಲೇ ತಿರುಗುತ್ತದೆ. ಸದ್ದು ನಿಂತರೆ ಅಪಾಯ ಕಳೆಯಿತೆಂದು ಅರ್ಥ, ಮತ್ತೆ ನಡೆಯಬಹುದು. ಈ ನಿಯಮ ಮಾಡಿದ್ದು ಸಿಪ್ರಿಯನ್ನೇ. ಅಂದರೆ ಅವನು ಬದುಕಿದ್ದರೆ ಸುಮ್ಮನಿರುತ್ತಾನೆ. ಬದುಕಿಲ್ಲದಿದ್ದರೂ ಸುಮ್ಮನಿರುತ್ತಾನೆ.

ಕತ್ತಲಾಗುತ್ತಿತ್ತು. ಹಳ್ಳದಲ್ಲಿ ಏನೋ ಮುರಿದ ಸದ್ದು, ಹಿಂದೆಯೇ ಒಂದು ಘೀಳು. ಆಮೇಲೆ ಏನೂ ಇಲ್ಲ.

ತೆರೆಸಮ್ಮ ಮೆಟ್ಟಿಲ ಮೇಲೆ ಕೂತಿದ್ದರು. "ನಾನೇ ಆಫ್ ಮಾಡಿದ್ದು."

"ಯಾರ ಹತ್ರ ಮಾತಾಡೋಕೆ ಅಂತ ಮಾಡಿದ್ರಿ ಅತ್ತೆ? ನಾವು ಆ ದೇವರ ಮುಂದೆ ಮಂಡಿಯೂರಿದ್ದಾಗ್ಲೇ ಇವ್ರನ್ನ ಆನೆ ಬಾಯಿಗೆ ಬಿಟ್ನಲ್ಲ!"

"ಹಾಗನ್ನಬೇಡ."

"ಮತ್ತೆ ಏನನ್ಲಿ? ಒಳ್ಳೆಯವನು ಅನ್ಲಾ?"

ಮುದುಕಿ ಹಳ್ಳದ ಕಡೆ ಕೈ ತೋರಿಸಿದರು. "ಅಲ್ಲ ಅನ್ನೋ ಧೈರ್ಯ ನಂಗಿಲ್ಲ ಮಗಾ. ಅವನು ಒಳ್ಳೆಯವನಲ್ಲ ಅಂದ್ರೆ ಆ ಕತ್ತಲಲ್ಲಿ ನನ್ನ ಮಗನ ಜೊತೆ ಯಾರಿದ್ದಾರೆ? ಬಡಿ, ನಿಲ್ಲಿಸ್ಬೇಡ."

ತೋಟದ ಮಾಲೀಕ ರಂಗನಾಥ ಗೌಡರ ಜೀಪು ಬಂತು. "ಫಾರೆಸ್ಟಿನವ್ರು ಆ ಕಡೆಯಿಂದ ಇಳೀತಿದ್ದಾರೆ. ನೀವ್ಯಾರೂ ಕೆಳಗೆ ಹೋಗೋ ಹಾಗಿಲ್ಲ." ಟಾರ್ಚಿನ ಬೆಳಕು ಅವಳ ಅಂಗೈ ಮೇಲೆ ಬಿತ್ತು. "ರಕ್ತ ಬರ್ತಿದೆಯಲ್ಲ ಫ್ಲೋರಿನಮ್ಮ. ಇನ್ನು ಸಾಕು ಬಿಡಿ."

"ನಿಲ್ಸಿದ್ರೆ ಅವ್ರು ನಡೆಯೋಕೆ ಶುರು ಮಾಡ್ತಾರೆ."

"ಅಲ್ಲ... ಅಲ್ಲಿ ಅವ್ರು..." ಗೌಡರು ಟಾರ್ಚನ್ನು ಹಳ್ಳದತ್ತ ತಿರುಗಿಸಿದರು.

"ಇದ್ದಾರೆ. ಕೇಳ್ತಿದ್ದಾರೆ."

ಅದು ಅವಳಿಗೆ ಹೇಗೆ ಗೊತ್ತೆಂದು ಗೌಡರು ಕೇಳಲಿಲ್ಲ. ಏಟು ತಪ್ಪದಿರಲೆಂದು ಟಾರ್ಚನ್ನು ಕಂಬಿಯತ್ತ ಹಿಡಿದು ನಿಂತರು.

ಫ್ಲೋರಿನ್ ಸುತ್ತಿಗೆಯನ್ನು ಎಡಗೈಗೆ ಬದಲಿಸಿದಳು. "ನೀನು ಒಳ್ಳೆಯವನು," ಎಂದಳು, ಪ್ರಾರ್ಥನೆಯ ದನಿಯಲ್ಲಲ್ಲ, ಜಗಳದ ದನಿಯಲ್ಲಿ. ಬಡಿದಳು. ಕಿವಿಗೊಟ್ಟಳು. ಕಣಿವೆಯಿಂದ ಏನೂ ಬರಲಿಲ್ಲ. "ಒಳ್ಳೆಯವನು," ಎಂದು ಹಲ್ಲು ಕಚ್ಚಿ ಮತ್ತೆ ಬಡಿದಳು.