ಬೆನ್ನ ಮೇಲಿನ ಬೆರಳು

ಇಪ್ಪತ್ತೆರಡು ವರ್ಷ, ಗಂಡ ಪಂದ್ಯಕ್ಕೆ ಹೊರಟಾಗಲೆಲ್ಲ ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಕೂತವಳು. ಬಾಕ್ಸರನ್ನು ಕಟ್ಟಿಕೊಂಡವಳಿಗೆ ಹೆದರಿಕೆ ಮನೆಯ ಸದಸ್ಯನಂತೆ. ಬಾ ಎನ್ನುವುದೂ ಬೇಡ, ಹೋಗು ಎಂದರೆ ಹೋಗುವುದೂ ಇಲ್ಲ. ಈಗ ಅವನು ಹೋಗಿ ತಿಂಗಳಾಯಿತು. ಇನ್ನು ಹೆದರುವುದಕ್ಕೆ ಏನು ಉಳಿದಿದೆ ಎಂದುಕೊಂಡು ಆ ಭಾನುವಾರ ಬೆಳಿಗ್ಗೆ ಅವನ ನೆನಪಿನ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಾಪ, ಅವಳಿಗೇನು ಗೊತ್ತು.

ಅವನು ಅಭ್ಯಾಸ ಮಾಡುತ್ತಿದ್ದ ಹಾಲ್‌ನಲ್ಲೇ ಸಭೆ. ಗುದ್ದುವ ಚೀಲಗಳನ್ನು ಗೋಡೆಗೆ ಎಳೆದು ಕಟ್ಟಿ ಕುರ್ಚಿ ಹಾಕಿದ್ದರು. ರಿಂಗಿನ ಹಗ್ಗಕ್ಕೆ ಅವನ ಫೋಟೊ ಒರಗಿಸಿದ್ದರು. ಊರಿಗೆಲ್ಲ ಅವನು 'ಉಕ್ಕು'. ಮನೆಯೊಳಗೆ ಆ ಉಕ್ಕು ಬೆಣ್ಣೆಯಾಗುತ್ತಿತ್ತು. ಮಗಳಿಗೆ ಹತ್ತು ತುಂಬುವ ತನಕ ದಿನಾ ಜಡೆ ಹಾಕಿದ್ದು ಅವನೇ, ಅದೂ ಸೊಟ್ಟಸೊಟ್ಟ. ಜಡೆ ನೋಡಿ ನಕ್ಕವರಿಗೆ ಮಗಳು ಶಾಲೆಯಲ್ಲೇ ಗುದ್ದಿ ಬರುತ್ತಿದ್ದಳು. ಹಾಗೆ ಶುರುವಾದ ಗುದ್ದಾಟ ನಿಲ್ಲಲೇ ಇಲ್ಲ. ಈಗ ಅವಳೂ ಬಾಕ್ಸರ್. ಬರುವ ಶನಿವಾರ ಅಪ್ಪನ ಹೆಸರಿನಲ್ಲೇ ಅವಳ ದೊಡ್ಡ ಪಂದ್ಯವಿತ್ತು.

ಅಪ್ಪ, ಮಗಳು ಇಬ್ಬರನ್ನೂ ತಯಾರು ಮಾಡಿದ ಮೇಷ್ಟ್ರು ಮಾತಿಗೆ ಎದ್ದರು. ಎಂಥ ಕಡೆಯೂ ನಗಿಸದೆ ಕೂರುವ ಜಾಯಮಾನ ಅವರದಲ್ಲ.

"ಒಂದು ಗುಟ್ಟು ಹೇಳ್ತೀನಿ," ಎಂದರು. "ಪಂದ್ಯದ ಮಧ್ಯೆ ಡಾಕ್ಟರು ಬಂದು ಒಂದೊಂದೇ ಕಣ್ಣು ಮುಚ್ಚಿಸಿ, ಎಷ್ಟು ಬೆರಳು ಅಂತ ಕೇಳೋರು. ಇವನ ಎಡಗಣ್ಣು ಆಗ್ಲೇ ಹೋಗಿತ್ತು. ನಾನು ಬೆನ್ನು ಒರೆಸೋ ನೆಪದಲ್ಲಿ ಟವೆಲ್ ಕೆಳಗಿಂದ ಒತ್ತುತಿದ್ದೆ. ಎರಡು ಬೆರಳಾದ್ರೆ ಎರಡು ಸಲ. ಇವನು ಗತ್ತಿನಿಂದ 'ಎರಡು' ಅನ್ನೋನು. ಆರು ವರ್ಷ ಡಾಕ್ಟರಿಗೆ ಚಳ್ಳೆಹಣ್ಣು ತಿನ್ನಿಸಿದ್ವಿ."

ಸಭೆ ಗೊಳ್ಳೆಂದು ನಕ್ಕಿತು. ಅವಳಿಗೆ ಗಂಡ ಮನೆಯಲ್ಲಿ ಮಾಡುತ್ತಿದ್ದುದೆಲ್ಲ ನೆನಪಾಯಿತು. ಲೋಟದ ಪಕ್ಕಕ್ಕೆ ನೀರು ಸುರಿಯುತ್ತಿದ್ದನಲ್ಲ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದನಲ್ಲ. ಕಣ್ಣು ಎಲ್ಲಿಟ್ಟಿದ್ದೀರಿ ಎಂದು ಅವಳೇ ರೇಗುತ್ತಿದ್ದಳು, ಅವನು ನಕ್ಕು ಸುಮ್ಮನಾಗುತ್ತಿದ್ದ. ಕೊನೆಗೆ ಅವನ ಜೀವ ತೆಗೆದ ಬಸ್ಸು ಬಂದದ್ದೂ ಎಡಗಡೆಯಿಂದಲೇ. ಅವಸರದಲ್ಲಿ ರಸ್ತೆ ದಾಟಿದ ಎಂದು ಎಲ್ಲರೂ ಹೇಳಿದ್ದರು, ಅವಳೂ ನಂಬಿದ್ದಳು.

ಮೇಷ್ಟ್ರ ಮೇಲೆ ಸಿಟ್ಟು ನೆತ್ತಿಗೇರುವಷ್ಟರಲ್ಲಿ ಪಕ್ಕಕ್ಕೆ ನೋಡಿದಳು. ಇಡೀ ಹಾಲ್ ನಗುತ್ತಿದ್ದರೆ ಮಗಳೊಬ್ಬಳು ನಗುತ್ತಿರಲಿಲ್ಲ. ಬೇಡ, ಮುಂದೆ ಹೇಳಬೇಡಿ ಎನ್ನುವಂತೆ ಮೇಷ್ಟ್ರಿಗೆ ತಲೆಯಾಡಿಸುತ್ತಿದ್ದಳು. ಮೇಷ್ಟ್ರು ಮಾತು ನುಂಗಿಕೊಂಡು ಕೂತರು.

ತಾಯಿ ಮಗಳ ರಟ್ಟೆ ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು.

"ನಿನ್ನ ಬೆನ್ನಿಗೂ ಒತ್ತುತಾರಾ?"

"ಒಂದೆರಡು ಸಲ ಅಷ್ಟೇ ಅಮ್ಮ. ಎಡಗಣ್ಣು ಸ್ವಲ್ಪ ಮಸುಕು. ಶನಿವಾರದ್ದೊಂದು ಮುಗೀಲಿ, ತೋರಿಸ್ಕೊಂಡು ಬರ್ತೀನಿ. ಅಪ್ಪನ ಹೆಸರಿನ ಪಂದ್ಯ, ಬಿಡಕ್ಕಾಗುತ್ತಾ?"

ಇದೊಂದು ಮುಗೀಲಿ. ಈ ಮಾತನ್ನು ಅವಳು ಇಪ್ಪತ್ತೆರಡು ವರ್ಷ ಕೇಳಿದ್ದಳು.

ಮಗಳನ್ನು ಬಾಗಿಲಿನತ್ತ ತಿರುಗಿಸಿ ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಏನೇನು ಕಾಣುತ್ತೆ ಹೇಳು."

"ಎಲ್ಲಾ ಕಾಣುತ್ತಮ್ಮ. ಬೆಂಚು, ಕಪಾಟು, ಕನ್ನಡಿ," ಎಂದು ಮಗಳು ಪಟಪಟನೆ ಒಪ್ಪಿಸಿದಳು. ಹತ್ತು ವರ್ಷದಿಂದ ಓಡಾಡಿದ ಕೋಣೆ, ಕಣ್ಣು ಕಟ್ಟಿದರೂ ಹೇಳಿಯಾಳು.

"ಬಾಗಿಲಲ್ಲಿ?"

"ಬಾಗಿಲಲ್ಲಿ ಏನಿರುತ್ತೆ? ಬಾಗಿಲು."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕ್ಷಮೆ ಕೇಳಲು ಹಿಂದೆಯೇ ಬಂದವರು, ಆ ಉತ್ತರ ಕೇಳಿ ಹೊಸ್ತಿಲ ಮೇಲೇ ನಿಂತುಬಿಟ್ಟಿದ್ದರು.

"ಮೇಷ್ಟ್ರೇ," ತಾಯಿ ಕೈ ತೆಗೆಯಲಿಲ್ಲ, "ಶನಿವಾರದ ಪಂದ್ಯ ಇಲ್ಲ ಅಂತ ನೀವೇ ಹೇಳಿ."

ಮಗಳು ಗಾಳಿಯಲ್ಲಿ ಕೈ ಚಾಚಿ ತಡಕಿದಳು.

"ಮೇಷ್ಟ್ರು ಎಲ್ಲಿದಾರಮ್ಮ?" ಎಂದಳು.