ಕೋಣಗಳಿಗಿಂತ ಮೊದಲು

"ಕಾಲು ಎತ್ತಿ ಎತ್ತಿ ಇಡ್ಬೇಡ, ರಂಡೆಮಗನೇ! ಒತ್ತಿ ಓಡು! ಗಾಜು ನಿನ್ನ ಕಾಲಿಗೆ ಸಿಗ್ಬೇಕು, ನನ್ನ ಕೋಣದ ಕಾಲಿಗಲ್ಲ!"

ಧರ್ಣಪ್ಪ ಹೆಗ್ಡೆಯ ಬೆತ್ತ ಐತನ ಬೆನ್ನಿಗೆ ಬಿತ್ತು. ಕಂಬಳದ ಕೆಸರಿನಲ್ಲಿ ಅವನದು ಅದು ಮೂರನೆಯ ಓಟ. ಧಣಿಗೆ ಆಗದವರು ಗಾಜಿನ ಚೂರು ಹುಗಿದಿಟ್ಟಿರಬಹುದೆಂದು, ಕೋಣಗಳು ಇಳಿಯುವ ಮೊದಲು ಕೊರಗರನ್ನು ಓಡಿಸುವುದು ವೇಣೂರಿನಾಚೆಯ ಆ ಗುತ್ತಿನ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದ ಕಟ್ಟಳೆ.

ಬಲ ಹಿಮ್ಮಡಿಗೆ ತಣ್ಣಗೆ ಏನೋ ಹೊಕ್ಕಿತು. ಐತ ಕುಂಟುತ್ತ ಬದುವಿಗೆ ಹತ್ತಿ ಚೂರನ್ನು ಕಿತ್ತ. ರಕ್ತ ಕೆಸರನ್ನು ತೊಳೆದುಕೊಂಡು ಇಳಿಯಿತು.

ಬದುವಿನ ಮೇಲೆ ನಿಂತಿದ್ದ ಜಪಾನಿನ ಹೆಂಗಸು ಓಡಿ ಬಂದಳು. ಹೆಸರು ತೊಕುನಾಗ. ದೇಶ ದೇಶ ಸುತ್ತಿ ಕೂಲಿಗಳ ಬದುಕು ಬರೆಯುವವಳು. ನಾಲ್ಕು ದಿನಗಳಿಂದ ಹೆಗ್ಡೆಯ ಅತಿಥಿ. ಅವಳ ಪುಸ್ತಕದಿಂದಾಗಿ ಜಪಾನಿನ ಗಣಿಯ ಧಣಿಯೊಬ್ಬ ಕೋರ್ಟಿನ ಕಟಕಟೆಯಲ್ಲಿ ನಿಲ್ಲಬೇಕಾಯಿತಂತೆ. ಅದನ್ನು ಕೇಳಿದಂದಿನಿಂದ ಐತನಿಗೆ ನಿದ್ದೆ ಇರಲಿಲ್ಲ.

ಅವಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವಳಿಗೆ ದುಭಾಷಿಯಾಗಿದ್ದ ಸುಬ್ಬಯ್ಯ ಮಾಸ್ಟ್ರು ಹತ್ತು ಹೆಜ್ಜೆ ದೂರದಿಂದಲೇ ಕೂಗಿದರು: "ನೋವುಂಟಾ ಅಂತ ಕೇಳ್ತಾರೆ ಮಾರಾಯ. ಇಲ್ಲ ಅಂತ ಹೇಳು."

"ನೋವು ಸಾಯ್ಲಿ ಮಾಸ್ಟ್ರೇ. ಹೋದ ವರ್ಷ ಇದೇ ಗದ್ದೆಯಲ್ಲಿ ನನ್ನ ತಮ್ಮ ತುಕ್ರನ ಕಾಲಿಗೆ ಗಾಜು ಹೋಯ್ತು. ಒಂಬತ್ತನೇ ದಿನ ಸತ್ತ. ಅದನ್ನು ಹೇಳಿ."

ಮಾಸ್ಟ್ರು ಹೆಗ್ಡೆಯ ಮುಖ ನೋಡಿದರು. ಮತ್ತೆ ಅವಳ ಕಡೆ ತಿರುಗಿ, ಮಾತಾಡುತ್ತ ಹೆಬ್ಬೆರಳನ್ನು ಬಾಯಿಯತ್ತ ಎತ್ತಿ ತೋರಿಸಿದರು. ಅವಳು ತಲೆಯಾಡಿಸಿ ಬರೆದುಕೊಂಡಳು.

ಕುಡಿದು ಸತ್ತನಂತೆ! ಕೊನೆಯ ಎರಡು ದಿನ ತುಕ್ರನ ಗಂಟಲಿಗೆ ಒಂದು ಹನಿ ನೀರೂ ಇಳಿದಿರಲಿಲ್ಲ.

ಐತ ಮತ್ತೆ ಗದ್ದೆಗಿಳಿದ. ನಟ್ಟನಡುವೆ ಅಂಗಾತ ಮಲಗಿದ. ಹಲ್ಲು ಕಚ್ಚಿದ. ತಲೆಯನ್ನೂ ಹಿಮ್ಮಡಿಗಳನ್ನೂ ಕೆಸರಿಗೆ ಊರಿ ಬೆನ್ನನ್ನು ಬಿಲ್ಲಿನಂತೆ ಎತ್ತಿದ. ತುಟಿಗಳು ಕಿವಿಯವರೆಗೆ ಎಳೆದುಕೊಂಡವು. ಯಾರೋ ಕೆಮ್ಮಿದರು, ಅವನ ಮೈಯೆಲ್ಲ ಸೆಟೆದು ಅದುರಿತು. ಸಾಯುವ ಮೊದಲು, ತಟ್ಟಿಬಾಗಿಲು ಕಿರ್ರೆಂದರೂ ತುಕ್ರ ಹಾಗೆಯೇ ಅದುರುತ್ತಿದ್ದ.

ಜನ ನಕ್ಕರು. ತೊಕುನಾಗಳ ಪೆನ್ನು ನಿಂತಿತು. ಅವಳು ಮಾಸ್ಟ್ರ ತೋಳು ಹಿಡಿದು ಜೋರಾಗಿ ಕೇಳತೊಡಗಿದಳು.

"ಏನಂತೆ ಅವಳಿಗೆ?" ಹೆಗ್ಡೆ ಗದರಿದ.

"ಇದು ಧನುರ್ವಾಯು, ಈ ಕಾಯಿಲೆ ಅವರಿಗೆ ಗೊತ್ತುಂಟಂತೆ ಹೆಗ್ಡ್ರೇ... ಯುದ್ಧದಲ್ಲಿ ನೋಡಿದ್ದಂತೆ. ಇವನ ತಮ್ಮನನ್ನು ಓಡಿಸಿದ್ದು ಯಾರು ಅಂತ ಕೇಳ್ತಾರೆ."

ಹೆಗ್ಡೆ ಪಂಚೆ ಎತ್ತಿ ಕಟ್ಟಿ ಗದ್ದೆಗೆ ಹಾರಿದ. "ನಾಟಕವಾ, ನಾಯಿ? ನನ್ನ ಅಂಗಳದ ಎಂಜಲು ತಿಂದು ನನಗೇ?" ಬೆತ್ತ ಹೊಟ್ಟೆಗೆ, ಎದೆಗೆ, ಮೂತಿಗೆ ಬಿತ್ತು. ಪಕ್ಕೆಯಲ್ಲೊಂದು ಎಲುಬು ಲಟಕ್ಕೆಂದಿತು. ಬಿದ್ದ ಏಟಿಗೆಲ್ಲ ಐತನ ಬೆನ್ನು ಇನ್ನಷ್ಟು ಮೇಲಕ್ಕೆ ಬಾಗಿತು. ಕಚ್ಚಿದ ಹಲ್ಲಿನ ಸಂದಿನಿಂದ ರಕ್ತ ಗುಳ್ಳೆಗುಳ್ಳೆಯಾಗಿ ಬಂತು. ಬಾಯಿ ಮಾತ್ರ ತೆರೆಯಲಿಲ್ಲ.

"ನೋಡಮ್ಮಾ! ಹೀಗೇ! ತುಕ್ರ ಎರಡು ದಿನ ಹೀಗೇ ಇದ್ದ!" ದೂರದ ಕೊರಗರ ಗುಂಪಿನಿಂದ ಐತನ ಹೆಂಡತಿ, ಕಾಗೆ ಎಂಬ ಹೆಸರಿನವಳು, ಕಿರುಚಿದಳು. "ಬರಿ! ಓಡಿಸಿದ್ದು ಇವನೇ ಅಂತ ಬರಿ!"

ಹೆಗ್ಡೆಯ ಕೈ ಸೋತಿತು. ಏದುಸಿರು ಬಿಡುತ್ತ ಬದುವಿಗೆ ಹತ್ತಿ ಗದ್ದೆಯ ತುದಿಗೆ ಕೂಗಿದ: "ನೋಣಯ್ಯಾ! ಕೋಣ ಬಿಡು!"

ಕೋಣಗಳ ಹಗ್ಗ ಹಿಡಿದಿದ್ದ ಒಕ್ಕಲು ನೋಣಯ್ಯ ಬೆಚ್ಚಿದ. "ನಡುವಲ್ಲಿ ಮನುಷ್ಯ ಉಂಟಲ್ಲ ಧಣಿ?"

"ಕೊರಗ ಉಂಟು. ಬಿಡು! ಇಲ್ಲದಿದ್ರೆ ನಾಳೆ ಗೇಣಿ ಗದ್ದೆ ಬಿಟ್ಟು ನಡಿ."

ತೊಕುನಾಗ ಕೊರಳಲ್ಲಿದ್ದ ಕ್ಯಾಮೆರಾ ಕಿತ್ತೆಸೆದು ಬೂಟುಕಾಲಲ್ಲೇ ಕೆಸರಿಗೆ ಹಾರಿದಳು. ಮೊಣಕಾಲವರೆಗೆ ಹೂತು ಮುಗ್ಗರಿಸಿದಳು.

ತಲೆ ಹಿಂದಕ್ಕೆ ಮಡಿದಿದ್ದ ಐತನಿಗೆ ಗದ್ದೆ ತಲೆಕೆಳಗಾಗಿ ಕಾಣುತ್ತಿತ್ತು: ಕೆಳಗೆ ಆಕಾಶ, ಮೇಲೆ ನೀರು, ನೀರಿನಿಂದ ನೇತುಬಿದ್ದ ಕೋಣಗಳ ಎಂಟು ಕಾಲುಗಳು. ನೋಣಯ್ಯನ ಕೈಯಿಂದ ಹಗ್ಗ ಜಾರಿತು. ನೆಲದ ನಡುಕ ಮೊದಲು ಐತನ ನೆತ್ತಿಗೆ ತಟ್ಟಿತು, ಆಮೇಲೆ ಹಲ್ಲುಗಳಿಗೆ. ಅವನು ಬೆನ್ನನ್ನು ಇನ್ನೊಂದು ಗೇಣು ಮೇಲೆತ್ತಿದ.